ಮಗುವಿನ ಮಾತು ತಡವಾದರೆ ಮೊದಲು ಕಿವಿ ನೋಡಿ

ಬೈಲಹೊಂಗಲದ ಕಡೆಯ ನಮ್ಮ ಮನೆಗಳಲ್ಲಿ ಎರಡೂವರೆ ವರ್ಷದ ಮಗು 'ಮುಝೆ ಹಾಲು ನಕ್ಕೋ' ಎಂದರೆ ಯಾರೂ ಅಚ್ಚರಿಪಡುವುದಿಲ್ಲ. 'ಮುಝೆ' ಮನೆಯ ಉರ್ದು, 'ಹಾಲು' ಓಣಿಯ ಕನ್ನಡ, 'ನಕ್ಕೋ' ಮರಾಠಿಯಿಂದ ನಮ್ಮ ದಖನಿಗೆ ಬಂದು ನೆಲೆನಿಂತ ಪದ. ಆದರೆ ಮಗುವನ್ನು ಎಲ್‌ಕೆಜಿಗೆ ಸೇರಿಸುವ ಹೊತ್ತಿಗೆ ಇದೇ ಮಾತು ತಂದೆತಾಯಿಗೆ ಚಿಂತೆಯಾಗುತ್ತದೆ. 'ಎರಡು ಭಾಷೆ ಕೇಳಿ ಮಗುವಿಗೆ ಗೊಂದಲ ಆಗಿದೆಯಂತೆ, ಮನೆಯಲ್ಲಿ ಉರ್ದು ಬಿಟ್ಟುಬಿಡೋಣವೇ?' ಎಂದು ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಬರುವವರೂ ಕೇಳುತ್ತಾರೆ.

ಬಿಡಬೇಡಿ. ಎರಡು ಭಾಷೆಗಳಿಂದ ಮಗುವಿನ ಮಾತು ನಿಂತುಹೋಗುವುದಿಲ್ಲ.

ಮಗು ಭಾಷೆ ಕಲಿಯಲು ಆರಂಭಿಸುವುದು ಬಾಯಿಂದಲ್ಲ, ಕಿವಿಯಿಂದ. ಗರ್ಭದ ಕೊನೆಯ ತಿಂಗಳುಗಳಲ್ಲೇ ಅದು ತಾಯಿಯ ಸ್ವರ ಕೇಳಿರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಬೇರೆ ಹೆಂಗಸರ ಸ್ವರಕ್ಕಿಂತ ಅಮ್ಮಿಯ ಸ್ವರವನ್ನೇ ಹೆಚ್ಚು ಇಷ್ಟಪಡುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡಾದ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮಗೆ ಹತ್ತಿರದ್ದು. ಇಂಗ್ಲಿಷ್ ಮಾತಾಡುವ ಮನೆಯ ಕೂಸುಗಳಿಗೆ ಅವರು ಹಿಂದಿಯ ತ ಮತ್ತು ಟ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಿನ ಹೊತ್ತಿಗೆ ಆ ಶಕ್ತಿ ಬಹುತೇಕ ಹೋಗಿತ್ತು. ಕೇಳಿಸಿಕೊಂಡ ಸದ್ದನ್ನು ಮಗುವಿನ ಮೆದುಳು ಇಟ್ಟುಕೊಳ್ಳುತ್ತದೆ, ಕೇಳದ್ದನ್ನು ಬದಿಗಿಡುತ್ತದೆ. ಉರ್ದುವಿನಲ್ಲಿ ಳ ಇಲ್ಲ. ಉರ್ದುವಿನ 'ಖುದಾ'ದಲ್ಲಿ ಗಂಟಲಿಂದ ಬರುವ ಸದ್ದು ಕನ್ನಡದಲ್ಲಿಲ್ಲ. ನಮ್ಮ ಮಕ್ಕಳಿಗೆ ಎರಡೂ ಸಿಗುತ್ತವೆ. ಇದು ನಷ್ಟ ಹೇಗಾದೀತು? ಅಂದಹಾಗೆ, ನಾವು 'ಆತಾ ಬೋಲ್ಕೆ ಬೋಲ್ಯಾ' ಎನ್ನುವಾಗಿನ 'ಬೋಲ್ಕೆ' ಕನ್ನಡದ 'ಅಂತ' ಮಾಡುವ ಕೆಲಸವನ್ನೇ ಮಾಡುತ್ತದೆ. ದೊಡ್ಡವರ ಮಾತೇ ಇಷ್ಟು ಬೆರೆತಿರುವಾಗ ಮಗುವಿನದನ್ನು ಮಾತ್ರ ಗೊಂದಲ ಎನ್ನುವುದು ಸರಿಯಲ್ಲ.

ಎಳೆಯ ವಯಸ್ಸಿನಲ್ಲಿ ಕಿವಿಗೆ ಬೀಳುವ ಭಾಷೆಯ ಬೆಲೆ ಮಕ್ಕಾದ ಕುಲೀನರಿಗೂ ಗೊತ್ತಿತ್ತು. ಕೂಸುಗಳನ್ನು ಮರುಭೂಮಿಯ ದಾದಿಯರ ಬಳಿ ಕಳಿಸುತ್ತಿದ್ದುದಕ್ಕೆ ಅಲ್ಲಿನ ಶುದ್ಧ ಗಾಳಿಯ ಜೊತೆ ಶುದ್ಧ ಅರಬಿಯೂ ಕಾರಣವೆಂದು ಚರಿತ್ರೆಕಾರರು ಹೇಳುತ್ತಾರೆ. ಪ್ರವಾದಿ ಮುಹಮ್ಮದ್(ಸ) ಬನೂ ಸಅದ್ ಕುಲದ ಹಲೀಮಾ(ರ)ರ ಮಡಿಲಲ್ಲಿ ಬೆಳೆದದ್ದು ಹಾಗೆ.

ಇನ್ನು ಮಗುವಿಗೆ ಎಷ್ಟು ಮಾತು ಬರಬೇಕು? ಒಂಬತ್ತು ತಿಂಗಳಿಗೆ ಬಾಬಾ, ದಾದಾ ಎಂದು ತೊದಲಬೇಕು, ಹೆಸರು ಕರೆದರೆ ತಿರುಗಬೇಕು. ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ. ಎರಡು ವರ್ಷಕ್ಕೆ ಸುಮಾರು ಐವತ್ತು ಪದ ಮತ್ತು 'ಪಾನೀ ದೇ'ಯಂಥ ಎರಡು ಪದದ ಮಾತು. ಲೆಕ್ಕ ಹಾಕುವಾಗ ಉರ್ದು, ಕನ್ನಡ ಎರಡನ್ನೂ ಕೂಡಿಸಿ. ಒಂದೇ ಭಾಷೆಯದನ್ನು ಎಣಿಸಿ ಕಡಿಮೆಯಾಯಿತೆಂದು ಹೆದರುವವರೇ ಹೆಚ್ಚು.

ಮಾತು ಬೆಳೆಯುವುದು ಕೊಡುಕೊಳ್ಳುವಿಕೆಯಿಂದ. ಮಗು 'ಊಂ' ಎಂದಾಗ ನೀವು ಮುಖ ನೋಡಿ ಉತ್ತರಿಸಬೇಕು. ಮೊಬೈಲ್ ಉತ್ತರಿಸುವುದಿಲ್ಲ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯೇ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ರಾಮದುರ್ಗದ ಕಡೆ ಮನೆಯಲ್ಲೇ ಮಗ್ಗ ಇರುವವರು ತೊಟ್ಟಿಲನ್ನು ಬೇರೆ ಕೋಣೆಗೆ ಕಟ್ಟಿ. ಆ ಗದ್ದಲದಲ್ಲಿ ಕೂಸಿಗೆ ಅಮ್ಮಿಯ ಮಾತು ಬಿಡಿಸಿ ಕೇಳಿಸುವುದಿಲ್ಲ. ಮನೆಯವರು ತಮಗೆ ಸರಿಯಾಗಿ ಬರದ ಇಂಗ್ಲಿಷಿನಲ್ಲಿ 'ಕಮ್', 'ಸಿಟ್' ಎಂದಷ್ಟೇ ಮಾತಾಡಿದರೆ ಮಗುವಿಗೆ ಸಿಗುವ ಒಟ್ಟು ಮಾತೇ ಕಡಿಮೆಯಾಗುತ್ತದೆ.

ಈಗ ನನ್ನದೇ ತಪ್ಪನ್ನು ಹೇಳಬೇಕು. ಎರಡು ವರ್ಷದ ಒಬ್ಬ ಹುಡುಗನನ್ನು ತೋರಿಸಲು ಬಂದವರಿಗೆ 'ಗಂಡುಮಕ್ಕಳು ಸ್ವಲ್ಪ ತಡ, ಕಾಯಿರಿ' ಎಂದುಬಿಟ್ಟಿದ್ದೆ. ಬಾಗಿಲು ಬಡಿದರೆ ತಿರುಗುತ್ತಿದ್ದ; ಅದನ್ನೇ ನಂಬಿದೆ. ಆದರೆ ದೊಡ್ಡ ಸದ್ದು ನೆಲದ ಅದುರಿನಿಂದಲೂ ತಿಳಿಯುತ್ತದೆ, ಅಂಥ ಮಗುವಿಗೆ ಸ, ಶ, ಕ ಕೇಳದೇ ಇರಬಹುದು. ಒಂದು ವರ್ಷದ ನಂತರ ಪರೀಕ್ಷೆಯಾದಾಗ ಎರಡೂ ಕಿವಿ ಮಂದ. ಶ್ರವಣಯಂತ್ರ ಹಾಕಿದ ಮೇಲೆ ಮಾತು ಬಂತು, ನಿಧಾನವಾಗಿ. ಮಾತು ಕಲಿಯುವ ಆ ಒಂದು ವರ್ಷವನ್ನು ನಾನು ಅವನಿಗೆ ಮರಳಿ ಕೊಡಲಾರೆ. ಅಂದಿನಿಂದ ಮಾತಿಲ್ಲದ ಮಗು ಬಂದರೆ ನನ್ನ ಮೊದಲ ಚೀಟಿ ಕಿವಿಯ ಪರೀಕ್ಷೆಗೆ.

ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚುವುದು, ಅಕರ್‌ಕರಾ ಉಜ್ಜುವುದು, ಖಮೀರಾ ನೆಕ್ಕಿಸುವುದು ನಮ್ಮಲ್ಲಿ ರೂಢಿ. ಯುನಾನಿ ಓದಿದವನಾಗಿಯೇ ಹೇಳುತ್ತೇನೆ, ಇವುಗಳಿಂದ ನಾಲಿಗೆ ಚುರುಗುಟ್ಟಿ ಜೊಲ್ಲು ಬಂದೀತು. ಕೇಳದ ಕಿವಿ ಕೇಳಲಾರದು. ವರ್ಷ ತುಂಬದ ಕೂಸಿಗಂತೂ ಜೇನು ಬೇಡ, ಅದರಿಂದ ಬೊಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ನಾಲಿಗೆಯ ಕೆಳಗಿನ ಎಳೆ ಕತ್ತರಿಸಿದರೆ ಮಾತು ಬರುತ್ತದೆಂಬುದೂ ಬಹುತೇಕ ತಪ್ಪು ನಂಬಿಕೆ.

ಹುಟ್ಟಿದ ಕೂಸಿನ ಕಿವಿಯಲ್ಲಿ ಅಝಾನ್ ಹೇಳುವವರು ನಾವು. ಆ ಕಿವಿಗೆ ಅದು ಕೇಳಿಸಿತೇ ಎಂದು ಒಂದು ತಿಂಗಳೊಳಗೆ ಪರೀಕ್ಷಿಸಲು ಸಾಧ್ಯವಿದೆ. ಓಎಇ ಎಂಬ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ಸೂಜಿಯಿಲ್ಲ, ನೋವಿಲ್ಲ, ಮಗು ಮಲಗಿದ್ದರೆ ಇನ್ನೂ ಒಳ್ಳೆಯದು. ತಂದೆತಾಯಿ ಹತ್ತಿರದ ರಕ್ತಸಂಬಂಧಿಗಳಾಗಿದ್ದರೆ, ಕುಟುಂಬದಲ್ಲಿ ಕಿವುಡು ಇದ್ದರೆ, ಹುಟ್ಟಿದಾಗ ತೀವ್ರ ಕಾಮಾಲೆಯಾಗಿದ್ದರೆ ತಪ್ಪಿಸಲೇಬೇಡಿ. ಇದರಲ್ಲಿ ಯಾರನ್ನೂ, ವಿಶೇಷವಾಗಿ ಸೊಸೆಯನ್ನು, ದೂರುವ ಮಾತೇ ಇಲ್ಲ.

ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡಕ್ಕೆ ಮಗುವನ್ನು ತೋರಿಸಿ. ಬೈಲಹೊಂಗಲ, ಕಿತ್ತೂರಿನವರಿಗೆ ಬೆಳಗಾವಿಯ ಬಿಮ್ಸ್, ಸವದತ್ತಿ, ರಾಮದುರ್ಗದವರಿಗೆ ಹಿಂದೆ ಕಿಮ್ಸ್ ಎನಿಸಿಕೊಂಡಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ‌ನ ಕಿವಿ ಮೂಗು ಗಂಟಲು ವಿಭಾಗ ಇದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕಾಗಿ ಇದೆ. ಕಿವಿ ಸರಿಯಿದ್ದೂ ಮಗು ಕಣ್ಣಿಗೆ ಕಣ್ಣು ಕೊಡದಿದ್ದರೆ, ಬೆರಳು ತೋರಿಸಿ ಕೇಳದಿದ್ದರೆ, ಬಂದ ಮಾತು ಹೋಗಿಬಿಟ್ಟರೆ ಮಕ್ಕಳ ತಜ್ಞರನ್ನು ಕಾಣಿ. ಹೋಗುವಾಗ ತಾಯಿ ಕಾರ್ಡಿನ ಜೊತೆ, ಮಗು ಆಡುವ ಪದಗಳನ್ನೆಲ್ಲ, ಉರ್ದುವಾಗಲಿ ಕನ್ನಡವಾಗಲಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ.