ಬೀದಿ ನಲ್ಲಿಯ ಪಾಳಿ ಮತ್ತು ನಿಮ್ಮ ವೈಫೈ

‘ಮನೆಯಲ್ಲಿರುವುದು ಒಂದೇ ವೈಫೈ. ಮೊಬೈಲಿನಲ್ಲಿ ವಿಡಿಯೊ ಸರಾಗವಾಗಿ ಓಡುತ್ತದೆ. ಪಕ್ಕದಲ್ಲೇ ಇಟ್ಟ ಲಿನಕ್ಸ್ ಲ್ಯಾಪ್‌ಟಾಪ್ ಮಾತ್ರ ತೆವಳುತ್ತದೆ. ಲಿನಕ್ಸ್ ಹಾಕಿಸಿದ್ದೇ ತಪ್ಪಾಯಿತೇ?’

ಚಳ್ಳಕೆರೆ ಸೀಮೆಯ ವಿಜ್ಞಾನ ಶಿಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1500 ಎಕರೆಯ ಎರಡನೇ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಇವರೂ ಅಲ್ಲಿಗೆ ಹೋಗಿಬಂದವರು. ಕಲಿತದ್ದನ್ನು ಮಕ್ಕಳಿಗೆ ತೋರಿಸಬೇಕೆಂದು ಹಳೆಯ ಪುಟ್ಟ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಜೀವ ಕೊಟ್ಟಿದ್ದಾರೆ. ಅಂಥವರಿಗೆ ‘ಹೊಸದು ಕೊಳ್ಳಿ’ ಎಂದು ಉತ್ತರಿಸಲು ನನಗೆ ಮನಸ್ಸಿಲ್ಲ.

ಬಯಲುಸೀಮೆಯವರಿಗೆ ವೈಫೈ ಅರ್ಥಮಾಡಿಸಲು ಬೀದಿ ನಲ್ಲಿಗಿಂತ ಒಳ್ಳೆಯ ಹೋಲಿಕೆ ಇಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ನಲ್ಲಿಯ ಮುಂದೆ ಕೊಡಗಳ ಪಾಳಿ ನೋಡದವರು ಅಲ್ಲಿ ಯಾರಿದ್ದಾರೆ? ಮನೆಯ ವೈಫೈಯೂ ಅಂಥ ಒಂದೇ ನಲ್ಲಿ. ಮೊಬೈಲು, ಟಿವಿ, ಲ್ಯಾಪ್‌ಟಾಪು ಎಲ್ಲವೂ ಒಂದೇ ಚಾನೆಲ್ಲಿನಲ್ಲಿ ಸರದಿ ಪ್ರಕಾರ ಮಾತಾಡಬೇಕು. ಒಮ್ಮೆಗೆ ಒಬ್ಬರು, ಒಂದು ಸರದಿಗೆ ಒಂದು ಕೊಡ.

ಒಂದೇ ರೇಡಿಯೊ ಚಾನೆಲ್ಲನ್ನು ಹೀಗೆ ಹಂಚಿಕೊಳ್ಳುವ ವಿದ್ಯೆ ಶುರುವಾದದ್ದು ಹವಾಯಿ ದ್ವೀಪಗಳಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ತಂಡ 1971ರಲ್ಲಿ ‘ಅಲೋಹಾ ನೆಟ್’ ಎಂಬ ರೇಡಿಯೊ ಜಾಲ ಕಟ್ಟಿತು. ಅದರಲ್ಲಿ ಪಾಳಿ ಎಂಬುದೇ ಇರಲಿಲ್ಲ. ಯಾರಿಗೆ ಯಾವಾಗ ಬೇಕೋ ಆಗ ಮಾತಾಡುವುದು. ಇಬ್ಬರ ಮಾತು ಡಿಕ್ಕಿ ಹೊಡೆದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳುವುದು. ಆ ನೂಕುನುಗ್ಗಲಲ್ಲಿ ಚಾನೆಲ್ಲಿನ ಶೇಕಡ 18ರಷ್ಟೇ ಉಪಯೋಗಕ್ಕೆ ಸಿಗುತ್ತದೆ ಎಂದು ಗಣಿತ ತೋರಿಸಿತು. ಉಳಿದದ್ದು ನೆಲಕ್ಕೆ ಚೆಲ್ಲಿದ ನೀರು. 1997ರಲ್ಲಿ ಬಂದ ವೈಫೈ ಮಾನದಂಡ ಮೊದಲು ಕಿವಿಗೊಡುವುದನ್ನು ಕಡ್ಡಾಯ ಮಾಡಿತು: ಯಾರೂ ಮಾತಾಡುತ್ತಿಲ್ಲ ಎಂದು ಖಚಿತವಾದ ಮೇಲೆ, ಅದೃಷ್ಟಕ್ಕೆ ಬಂದಷ್ಟು ಕ್ಷಣ ಕಾದು, ಆಮೇಲೆ ಬಾಯಿ ತೆರೆ.

ನ್ಯಾಯವಾಗಿಯೇ ಕಾಣುತ್ತದೆ. ಆದರೆ ಪಾಳಿಯಲ್ಲಿ ಒಬ್ಬರು ಕಿರಿದಾದ ಬಾಯಿಯ ಕ್ಯಾನ್ ಹಿಡಿದು ನಿಂತರೆ? ಅವರಿಗೂ ಸಿಗುವುದು ಒಂದೇ ಕೊಡ ನೀರು, ತುಂಬಲು ಹಿಡಿಯುವುದು ಹತ್ತು ನಿಮಿಷ. ಸಿಗ್ನಲ್ ದುರ್ಬಲವಾದಾಗ ಲ್ಯಾಪ್‌ಟಾಪ್ ಮಾಡುವುದೂ ಇದನ್ನೇ. ತಪ್ಪು ಕೇಳಿಸಬಾರದೆಂದು ನಿಧಾನಕ್ಕೆ ಬಿಡಿಸಿ ಬಿಡಿಸಿ ಮಾತಾಡುತ್ತದೆ. 1500 ಬೈಟಿನ ಒಂದು ಕಂತೆಯನ್ನು 54 ಮೆಗಾಬಿಟ್ ವೇಗದಲ್ಲಿ ಕಳಿಸಲು ಸುಮಾರು 0.22 ಮಿಲಿಸೆಕೆಂಡ್ ಸಾಕು. 1 ಮೆಗಾಬಿಟ್ ವೇಗದಲ್ಲಿ 12 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಮಿಕ್ಕವರೆಲ್ಲ ನಿಂತೇ ಇರಬೇಕು. 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಇದನ್ನು ಲೆಕ್ಕ ಹಾಕಿ ತೋರಿಸಿದರು: ಒಂದೇ ಒಂದು ನಿಧಾನದ ಯಂತ್ರ ಉಳಿದವರನ್ನೂ ತನ್ನ ಮಟ್ಟಕ್ಕೆ ಎಳೆದುಬಿಡುತ್ತದೆ.

ಇದಕ್ಕೆ ಮದ್ದು ಅರೆದವರಲ್ಲಿ ಲಿನಕ್ಸ್‌ನವರು ಮುಂದಿದ್ದರು ಎಂಬುದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ಟೋಕೆ ಹೋಯ್ಲಂಡ್-ಯೋರ್ಗೆನ್‌ಸೆನ್, ಡೇವ್ ಟಾಟ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪರಿಹಾರದ ತಿರುಳು ಇಷ್ಟೇ: ಕೊಡ ಎಣಿಸಬೇಡ, ನಿಮಿಷ ಎಣಿಸು. ಅವರ ಕೆಲಸ ಲಿನಕ್ಸ್‌ನ ಒಡಲಿಗೇ ಸೇರಿತು. ಹಾಗಾಗಿ ಶಿಕ್ಷಕರೇ, ಲಿನಕ್ಸನ್ನು ದೂರಬೇಡಿ.

ಈಗ ನಿಮ್ಮ ಯಂತ್ರಕ್ಕೆ ಬರೋಣ. ಮೊದಲು ರೂಟರಿಗೇ ‘ಪಿಂಗ್’ ಮಾಡಿ, ಅಂದರೆ ಒಂದು ಪುಟ್ಟ ಸಂದೇಶ ಕಳಿಸಿ ಉತ್ತರಕ್ಕೆ ಹಿಡಿಯುವ ಹೊತ್ತು ಅಳೆಯಿರಿ. ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬಂದರೆ ಗಾಳಿಯಲ್ಲಿ ದೋಷವಿಲ್ಲ, ಹೊರಗಿನ ಲೈನನ್ನು ಅನುಮಾನಿಸಿ. ಉತ್ತರ ಒಮ್ಮೆ 3, ಒಮ್ಮೆ 100 ಎಂದು ಕುಣಿಯುತ್ತಿದ್ದರೆ ಹೆಚ್ಚಾಗಿ ವೈಫೈ ಚಿಪ್ಪು ಬ್ಯಾಟರಿ ಉಳಿಸಲು ತೂಕಡಿಸುತ್ತಿದೆ. ರೂಟರು ಸುಮಾರು 102 ಮಿಲಿಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಸಾರುತ್ತದೆ. ಮಲಗಿದ ಚಿಪ್ಪು ಎದ್ದು ಅದನ್ನು ಕೇಳಿಸಿಕೊಂಡ ಮೇಲೆಯೇ ತನಗೆ ಬಂದದ್ದನ್ನು ಪಡೆಯುವುದು. ನೆಟ್‌ವರ್ಕ್ ಮ್ಯಾನೇಜರಿನ ಕಡತದಲ್ಲಿ ‘ವೈಫೈ ಪವರ್‌ಸೇವ್’ ಎದುರು 3 ಇದ್ದರೆ 2 ಮಾಡಿ ಮರುಚಾಲನೆ ಕೊಡಿ, ನಿದ್ದೆ ಬಿಡುತ್ತದೆ.

ಇನ್ನೊಂದು ಕಾರಣವನ್ನು ಬಹಳ ಮಂದಿ ಊಹಿಸುವುದೇ ಇಲ್ಲ. ಅಗ್ಗದ ಕೆಲವು ಪುಟ್ಟ ಲ್ಯಾಪ್‌ಟಾಪುಗಳಲ್ಲಿ ಚಿಪ್ಪಿಗೆ ಎರಡು ಆಂಟೆನಾ ತೂತುಗಳಿದ್ದರೂ ತಂತಿ ಸಿಕ್ಕಿಸಿರುವುದು ಒಂದಕ್ಕೆ. ಚಾಲಕ ತಂತ್ರಾಂಶ ಖಾಲಿ ತೂತಿನ ಕಡೆ ಕಿವಿಯಿಟ್ಟರೆ, ರೂಟರ್ ಎದುರೇ ಕೂತರೂ ಸಿಗ್ನಲ್ ದುರ್ಬಲವಾಗಿಯೇ ಇರುತ್ತದೆ. ಆರ್‌ಟಿಎಲ್8723ಬಿಇ ಎಂಬ ವೈಫೈ ಚಿಪ್ಪಿನ ಚಾಲಕದಲ್ಲಿ ಇದು ಚಿರಪರಿಚಿತ ಕಾಯಿಲೆ. ಅದರ ‘ಆಂಟ್ ಸೆಲ್’ ಆಯ್ಕೆಗೆ 1 ಕೊಟ್ಟು ನೋಡಿ, ಆಗದಿದ್ದರೆ 2 ಕೊಡಿ. ಸಿಗ್ನಲ್ ಮೈನಸ್ 80ರಿಂದ ಮೈನಸ್ 50 ಡಿಬಿಎಂಗೆ ಏರಿದರೆ ಶಕ್ತಿ ಸಾವಿರ ಪಟ್ಟು ಹೆಚ್ಚಿತು ಎಂದರ್ಥ.

ಬೆಂಗಳೂರಿನ ಅಪಾರ್ಟ್‌ಮೆಂಟಿನವರಾಗಿದ್ದರೆ ಅಕ್ಕಪಕ್ಕದ ರೂಟರುಗಳ ಗದ್ದಲ ತಪ್ಪಿಸಿಕೊಳ್ಳಲು 5 ಗಿಗಾಹರ್ಟ್ಸ್‌ಗೆ ಹೋಗಿ ಎನ್ನುತ್ತಿದ್ದೆ. ನಿಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಆ ಗದ್ದಲ ಕಡಿಮೆ. ಅಲ್ಲಿ ವೈರಿ ದಪ್ಪ ಗೋಡೆ. ಗೋಡೆ ದಾಟುವುದರಲ್ಲಿ ಹಳೆಯ 2.4 ಗಿಗಾಹರ್ಟ್ಸ್‌ ಅಲೆಯೇ ಗಟ್ಟಿಗ.

ರೂಟರ್ ಪೆಟ್ಟಿಗೆಯ ಮೇಲೆ ಅಚ್ಚಾದ ಸಾವಿರಾರು ಮೆಗಾಬಿಟ್‌ಗಳನ್ನು ನಂಬಿ ಹೆಚ್ಚಿನ ಪ್ಲಾನಿಗೆ ದುಡ್ಡು ಕಟ್ಟಬೇಡಿ. ಇವತ್ತು ಸಂಜೆ ಲ್ಯಾಪ್‌ಟಾಪನ್ನು ರೂಟರ್ ಪಕ್ಕ ಇಟ್ಟು ಒಮ್ಮೆ, ಪಾಠ ಸಿದ್ಧಪಡಿಸುವ ಕೋಣೆಯಿಂದ ಒಮ್ಮೆ ಪಿಂಗ್ ಮಾಡಿ, ಎರಡೂ ಅಂಕಿಗಳನ್ನು ಬರೆದಿಟ್ಟುಕೊಂಡು ನನಗೆ ತಿಳಿಸಿ.