ದಿನ ತುಂಬದೆ ಬಂದ ಕೂಸು

ಗೃಹಸ್ಥರ ಮನೆಗೆ ಬರುವ ಅತಿಥಿಗಳು ಎರಡು ಬಗೆಯವರು. ಕಾಗದ ಬರೆದು ತಿಳಿಸಿ ಬರುವವರು ಕೆಲವರು. ಹೇಳದೆ ಕೇಳದೆ ಅಪವೇಳೆಯಲ್ಲಿ ಬಾಗಿಲು ತಟ್ಟುವವರು ಕೆಲವರು. ಕಳೆದ ವರ್ಷ ನಮ್ಮ ಮನೆಗೆ ಬಂದ ಮೊಮ್ಮಗಳು ಈ ಎರಡನೆಯ ಬಗೆಯವಳು. ದಿನ ತುಂಬದೆ ಹುಟ್ಟಿದ ಕೂಸನ್ನು ಮನೆಯವರು ಹೇಗೆ ಎದುರುಗೊಳ್ಳಬೇಕೆಂಬುದನ್ನು ನಾವು ಆಗ ಕಲಿತೆವು. ನಮ್ಮ ವಾಚಕರಲ್ಲಿ ಒಬ್ಬರಿಗಾದರೂ ಉಪಯೋಗವಾದೀತೆಂಬ ಆಸೆಯಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸೊಸೆಯ ಸೀಮಂತಕ್ಕೆ ದಿನ ಗೊತ್ತಾಗಿತ್ತು. ಹಸಿರು ಬಳೆಗಳನ್ನು ತಂದಾಗಿತ್ತು. ಸೀಮಂತ ಮುಗಿದ ಮೇಲೆ ಆಕೆಯನ್ನು ತವರಿಗೆ ಕರೆದೊಯ್ಯಲು ಬೀಗರು ಬರುವವರಿದ್ದರು. ಅದಕ್ಕೆ ಐದು ದಿನ ಮುಂಚಿತವಾಗಿ, ರಾತ್ರಿ ಊಟದ ಹೊತ್ತಿಗೆ ಆಕೆಗೆ ನೋವು ಕಾಣಿಸಿಕೊಂಡಿತು. ಬೆಳಗಾಗುವಷ್ಟರಲ್ಲಿ ಆಸ್ಪತ್ರೆಯಲ್ಲಿ ಹೆರಿಗೆಯೂ ಆಯಿತು. ಮೂವತ್ತೆರಡು ವಾರದ ಹೆಣ್ಣುಕೂಸು. ತೂಕ 1,450 ಗ್ರಾಂ. ನಮ್ಮ ಅಂಗೈ ಅದರ ಬೆನ್ನನ್ನೆಲ್ಲ ಮುಚ್ಚುತ್ತಿದ್ದಿತು.

ನೋಡಲು ಬಂದ ನೆಂಟರಲ್ಲಿ ಹಿರಿಯರೊಬ್ಬರು ಮೆಲ್ಲನೆ, "ಏಳರ ಕೂಸು ಉಳಿದೀತು, ಎಂಟರದು ಉಳಿಯೋದು ಕಷ್ಟ" ಎಂದರು. ಈ ಮಾತನ್ನು ನಾವೂ ಬಾಲ್ಯದಿಂದ ಕೇಳಿದವರೇ. ಅದು ಸೊಸೆಯ ಕಿವಿಗೂ ಬಿದ್ದು, ಆಕೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ವೈದ್ಯರನ್ನು ಕೇಳಿದೆವು. ಆ ನಂಬಿಕೆಗೆ ಆಧಾರವಿಲ್ಲವೆಂದೂ, ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಬಲವೆಂದೂ, ಏಳರ ಕೂಸಿಗಿಂತ ಎಂಟರದೇ ಉಳಿಯುವ ಸಂಭವ ಹೆಚ್ಚೆಂದೂ ಅವರು ತಿಳಿಸಿದರು. ಮೂವತ್ತೇಳು ವಾರ ತುಂಬುವ ಮೊದಲು ಹುಟ್ಟಿದುದೆಲ್ಲ ದಿನ ತುಂಬದ ಕೂಸೇ. 2020ರಲ್ಲಿ ಲೋಕದಲ್ಲೆಲ್ಲ ಇಂತಹ ಮಕ್ಕಳು ಸುಮಾರು 1 ಕೋಟಿ 34 ಲಕ್ಷ ಹುಟ್ಟಿದುವೆಂದು ಲೆಕ್ಕ. ಎಂದರೆ ಹತ್ತು ಮಕ್ಕಳಲ್ಲಿ ಒಂದು. ನಮ್ಮ ಮನೆಗೆ ಬಂದುದು ಅಪೂರ್ವವಾದ ವಿಪತ್ತೇನೂ ಅಲ್ಲವೆಂದು ತಿಳಿದಾಗ ಸೊಸೆಗೂ ನಮಗೂ ಸ್ವಲ್ಪ ಧೈರ್ಯ ಬಂದಿತು.

ಇಂತಹ ಕೂಸಿಗೆ ಮುಖ್ಯವಾಗಿ ನಾಲ್ಕು ಕೊರತೆಗಳು. ಶ್ವಾಸಕೋಶ ಪೂರ್ತಿ ಬಲಿತಿರುವುದಿಲ್ಲ. ಚರ್ಮದ ಕೆಳಗೆ ಕೊಬ್ಬಿಲ್ಲದುದರಿಂದ ಮೈ ಬೇಗನೆ ತಣ್ಣಗಾಗುವುದು. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಸುಮಾರು ಮೂವತ್ತನಾಲ್ಕನೆಯ ವಾರದ ವರೆಗೆ ಬಂದಿರುವುದಿಲ್ಲ. ರೋಗವನ್ನು ತಡೆಯುವ ಬಲವೂ ಕಡಿಮೆ. ಮೊದಲನೆಯದಕ್ಕೆ ವೈದ್ಯಶಾಸ್ತ್ರವು ಒಳ್ಳೆಯ ಉಪಾಯವನ್ನು ಕಂಡುಕೊಂಡಿದೆ. ಅಕಾಲದಲ್ಲಿ ನೋವು ಬಂದ ತಾಯಿಗೆ ಹೆರಿಗೆಗೆ ಮುಂಚೆಯೇ ಸ್ಟೀರಾಯ್ಡ್ ಔಷಧಿಯ ಸೂಜಿ ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗನೆ ಬಲಿಯುವುದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿ ತೋರಿಸಿಕೊಟ್ಟರು. ನಮ್ಮ ಸೊಸೆಗೂ ಆ ಸೂಜಿ ದೊರೆಯಿತು. ಆದುದರಿಂದ ಅವಧಿಗೆ ಮೊದಲು ನೋವು ಕಂಡರೆ "ಬೆಳಗಾಗಲಿ, ನೋಡೋಣ" ಎಂದು ಕುಳಿತಿರಬಾರದು.

ಮೈಯ ಬಿಸುಪಿನ ಮಾತು ಮನೆಯವರಿಗೆ ಇನ್ನೂ ಹತ್ತಿರವಾದುದು. 1880ರ ಸುಮಾರಿನಲ್ಲಿ ಪ್ಯಾರಿಸಿನ ಟಾರ್ನಿಯೇ ಎಂಬ ವೈದ್ಯರು, ಕೋಳಿಮೊಟ್ಟೆಗೆ ಕಾವು ಕೊಡುವ ಯಂತ್ರವನ್ನು ಕಂಡು, ಕೂಸುಗಳಿಗೂ ಅಂತಹ ಬೆಚ್ಚನೆಯ ಪೆಟ್ಟಿಗೆಯನ್ನು ಮಾಡಿಸಿದರು. ಆ ಬಳಿಕ ಸುಮಾರು ನೂರು ವರ್ಷ ಕಳೆದು, 1978ರಲ್ಲಿ, ದಕ್ಷಿಣ ಅಮೆರಿಕದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಪೆಟ್ಟಿಗೆಗಳು ಸಾಲದೆ ಹೋದಾಗ, ಎಡ್ಗರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಕಾಪಾಡುವ ಕ್ರಮವನ್ನು ಆರಂಭಿಸಿದರು. ಮರಿಯನ್ನು ಚೀಲದಲ್ಲಿಟ್ಟುಕೊಂಡು ಬೆಳೆಸುವ ಕಾಂಗರೂವಿನ ಹೆಸರೇ ಈ ಆರೈಕೆಗೆ ನಿಂತಿತು. ಬಡತನದಿಂದ ಹುಟ್ಟಿದ ಈ ಉಪಾಯವು ಪೆಟ್ಟಿಗೆಗಿಂತ ಕೀಳೇನೂ ಅಲ್ಲವೆಂದು ಈಗ ಸಿದ್ಧವಾಗಿದೆ. ನಮ್ಮ ದೇಶವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದರಿಂದ 1.8 ಕಿಲೋ ಒಳಗಿನ ತೂಕದ ಕೂಸುಗಳಿಗೆ ಈ ಆರೈಕೆಯನ್ನು ಹುಟ್ಟಿದೊಡನೆಯೇ ಆರಂಭಿಸಿದಾಗ, ತಡವಾಗಿ ಆರಂಭಿಸಿದುದಕ್ಕಿಂತ ಮೊದಲ 28 ದಿನಗಳ ಸಾವು ಕಾಲು ಭಾಗದಷ್ಟು ಇಳಿಯಿತು. ದಿನಕ್ಕೆ ಎಂಟು ಗಂಟೆಗೆ ಕಡಮೆಯಿಲ್ಲದೆ, ಆದಷ್ಟು ಹೆಚ್ಚು ಹೊತ್ತು ಹೀಗೆ ಇಟ್ಟುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ವಿಧಿಸಿದೆ.

ಆಸ್ಪತ್ರೆಯಲ್ಲಿ ಸೊಸೆಯೂ ಮಗನೂ ಸರದಿಯ ಮೇಲೆ ಕೂಸನ್ನು ಎದೆಗಿಟ್ಟುಕೊಂಡರು. ತಾಯಿಯ ಗಿಣ್ಣು ಹಾಲನ್ನು ಹಿಂಡಿ, ಮೊದಲು ಸಣ್ಣ ನಳಿಗೆಯಿಂದಲೂ ಅನಂತರ ಒಳಲೆಯಿಂದಲೂ ಕುಡಿಸಿದರು. ನಮ್ಮ ಅಜ್ಜಿಯ ಕಾಲದ ಬೆಳ್ಳಿಯ ಒಳಲೆಯೊಂದು ಪೆಟ್ಟಿಗೆಯ ತಳದಲ್ಲಿದ್ದುದನ್ನು ನಮ್ಮ ಮನೆಯವರು ಹುಡುಕಿ ತೆಗೆದರು. ಅದನ್ನು ಪ್ರತಿ ಸಲವೂ ಕುದಿಯುವ ನೀರಿನಲ್ಲಿ ಹಾಕಿ ತೆಗೆಯಬೇಕೆಂಬ ಕಟ್ಟಳೆಯ ಮೇಲೆ ದಾದಿಯರು ಒಪ್ಪಿದರು. ಜೇನುತುಪ್ಪ, ಬಜೆ, ಹರಳೆಣ್ಣೆ ಇವೊಂದನ್ನೂ ಕೂಸಿನ ಬಾಯಿಗೆ ಇಡಕೂಡದೆಂದು ಅವರು ಹೇಳಿದುದನ್ನು ನಮ್ಮ ಮನೆಯವರು ಮನಸ್ಸಿಲ್ಲದೆಯೇ ಒಪ್ಪಿಕೊಂಡರು.

ಇಪ್ಪತ್ತನಾಲ್ಕನೆಯ ದಿನ, 1,800 ಗ್ರಾಂ ತೂಗಿದ ಕೂಸು ಮನೆಗೆ ಬಂದಿತು. ನಿಜವಾದ ಪರೀಕ್ಷೆ ಆರಂಭವಾದುದು ಆಗಲೇ. ರಾತ್ರಿಯೆಲ್ಲ ಕೂಸನ್ನು ಹೊತ್ತ ಬಾಣಂತಿಗೆ ಬೆಳಗಿನ ಎರಡು ಗಂಟೆ ನಿದ್ರೆ ಬೇಕು. ಮಗನು ಕೆಲಸಕ್ಕೆ ಹೊರಡಬೇಕು. ನಮ್ಮ ಮನೆಯವರಿಗೆ ಅದು ಮಡಿಯ ಹೊತ್ತು. ಮದುವೆಯಾದಂದಿನಿಂದ ನಲವತ್ತೊಂದು ವರ್ಷ, ಪುರುಡು ಸೂತಕಗಳ ದಿನಗಳನ್ನು ಬಿಟ್ಟರೆ, ಸ್ನಾನವಾಗಿ ಮಡಿಯುಟ್ಟು ದೇವರ ಮನೆಗೆ ಹೋದವರು ಪೂಜೆ ಮುಗಿಯದೆ ಯಾರನ್ನೂ ಮುಟ್ಟಿದವರಲ್ಲ. ಮೊದಲ ದಿನ ಕೂಸನ್ನು ಮೂರು ಬಟ್ಟೆಗಳಲ್ಲಿ ಸುತ್ತಿ ಹಾಸಿಗೆಯ ಮೇಲೆ ಮಲಗಿಸಿದ್ದಿತು. ನಾವು ಕಾವಲಿಗೆ ಕುಳಿತಿದ್ದೆವು. ಮುಕ್ಕಾಲು ಗಂಟೆ ಕಳೆದು ಅದರ ಪಾದವನ್ನು ಮುಟ್ಟಿ ನೋಡಿದೆವು, ತಣ್ಣಗಿದ್ದಿತು. ಪಾದ ತಣ್ಣಗಾಗುವುದೇ ಮೊದಲ ಎಚ್ಚರಿಕೆಯೆಂದು ವೈದ್ಯರು ಹೇಳಿ ಕಳುಹಿಸಿದ್ದರು.

ನಾವು ಕೂಗಿ ಹೇಳಿದೆವು. ದೇವರ ಮನೆಯಲ್ಲಿ ಗಂಟೆಯ ಸದ್ದು ನಿಂತಿತು. ಆಕೆ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಮುಖದಲ್ಲಿ ಏನು ತೋರಿತೆಂದು ಬರೆಯುವುದು ನಮ್ಮಿಂದಾಗದು. ಬಳಿಕ ಮಡಿಸೀರೆಯನ್ನು ಬದಲಾಯಿಸಿ ಬಂದು, ಕೂಸಿನ ಬಟ್ಟೆಗಳನ್ನು ಬಿಚ್ಚಿ, ಅದನ್ನು ಎದೆಗೊತ್ತಿಕೊಂಡು ಮೇಲೆ ಶಾಲು ಹೊದೆದು ಕುಳಿತರು. "ನೈವೇದ್ಯ ಇನ್ನೂ ಆಗಿಲ್ಲವಲ್ಲ" ಎಂದೆವು. "ಅವನು ಕಾಯ್ತಾನೆ ಬಿಡಿ. ಇದು ಕಾಯೋ ಹಾಗಿಲ್ಲ" ಎಂದರು. ಅರ್ಧ ಗಂಟೆಯಲ್ಲಿ ಪಾದ ಬೆಚ್ಚಗಾಯಿತು. ಮರುದಿನದಿಂದ ದೀಪ ಹಚ್ಚುವ ಕೆಲಸ ನಮ್ಮದಾಯಿತು, ಅವರ ಪೂಜೆ ಒಂಬತ್ತು ಗಂಟೆಗೆ ಸರಿಯಿತು. ಒಲೆಯ ಮುಂದೆ ಎಂದೂ ನಿಲ್ಲದ ನಾವು ಸಾರು ಮಾಡಲು ಕಲಿತೆವು. ಅದರ ರುಚಿಯ ಮಾತನ್ನು ಇಲ್ಲಿ ಎತ್ತುವುದಿಲ್ಲ.

ಇಂತಹ ಕೂಸಿರುವ ಮನೆಯವರು ಮರೆಯಬಾರದ ಸಂಗತಿಗಳು ಇನ್ನು ಕೆಲವುಂಟು. ವೈದ್ಯರು ಹೇಳುವ ತನಕ ಎಣ್ಣೆನೀರಿನ ಸ್ನಾನವೂ ಸಾಂಬ್ರಾಣಿಯ ಹೊಗೆಯೂ ಬೇಡ. ಕೈ ತೊಳೆಯದೆ ಯಾರೂ ಕೂಸನ್ನು ಮುಟ್ಟಬಾರದು. ನೆಗಡಿಯಿದ್ದವರು ದೂರದಿಂದಲೇ ಹರಸಲಿ. ಹಾಲು ಕುಡಿಯದಿದ್ದರೆ, ಉಸಿರಿನ ವೇಗ ಹೆಚ್ಚಿದರೆ, ಬೆಚ್ಚಗಿಟ್ಟರೂ ಮೈ ತಣ್ಣಗಿದ್ದರೆ, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಮೂವತ್ತನಾಲ್ಕು ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಮೆ ತೂಗುವ ಕೂಸಿನ ಕಣ್ಣುಗಳನ್ನು ಒಂದು ತಿಂಗಳೊಳಗಾಗಿ ನೇತ್ರವೈದ್ಯರಿಗೆ ತೋರಿಸಲೇಬೇಕು. ತೀರ ಚಿಕ್ಕ ಕೂಸಾದರೆ ಇನ್ನೂ ಮುಂಚೆ. ಕಣ್ಣಿನ ಒಳಪೊರೆಯ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ದೃಷ್ಟಿಯೇ ಹೋಗುವ ಸಂಭವವುಂಟು. ಹೊರಗಿನಿಂದ ನೋಡುವವರಿಗೆ ಅದು ಕಾಣದು, ಸಕಾಲದಲ್ಲಿ ಚಿಕಿತ್ಸೆಯಾದರೆ ಕಣ್ಣು ಉಳಿಯುವುದು. ಲಸಿಕೆಗಳಿಗೆ ಹುಟ್ಟಿದ ದಿನದಿಂದಲೇ ಲೆಕ್ಕ. ಆದರೆ ಬೋರಲು ಬೀಳುವುದು, ಕೂರುವುದು ಮೊದಲಾದುವಕ್ಕೆ ಹೆರಿಗೆಯಾಗಬೇಕಾಗಿದ್ದ ದಿನದಿಂದ ಲೆಕ್ಕ ಹಾಕಬೇಕು; ನೆರೆಮನೆಯ ಮಗುವಿನೊಡನೆ ಹೋಲಿಸಿ ತಾಯಿಯನ್ನು ನೋಯಿಸಬಾರದು.

ತೊಟ್ಟಿಲ ಶಾಸ್ತ್ರವನ್ನು ಎಂದು ಮಾಡಬೇಕೆಂಬ ಚರ್ಚೆ ಬಂದಾಗ ನಮ್ಮ ಮನೆಯವರೇ ತೀರ್ಮಾನ ಹೇಳಿದರು: ವೈದ್ಯರು ಹೆರಿಗೆಗೆಂದು ಮೊದಲು ಗುರುತು ಹಾಕಿಕೊಟ್ಟಿದ್ದ ದಿನವೇ ಆಗಲಿ ಎಂದು. ಅಂದು ಸೊಸೆಯು ಸೀಮಂತಕ್ಕೆಂದು ತಂದಿದ್ದ ಹಸಿರು ಬಳೆಗಳನ್ನು ತೊಟ್ಟು ಕುಳಿತಳು. ಎಂಟರ ಕೂಸಿನ ಮಾತಾಡಿದ್ದ ಹಿರಿಯರೂ ಬಂದು, ಕೈ ತೊಳೆದುಕೊಂಡು ಕೂಸನ್ನು ಎತ್ತಿಕೊಂಡರು. ಹೆಸರಿಟ್ಟು ತೊಟ್ಟಿಲಲ್ಲಿ ಮಲಗಿಸಿದರೆ ಮೊಮ್ಮಗಳು ಅಳತೊಡಗಿದಳು. ಅಜ್ಜಿ ಎತ್ತಿ ಎದೆಗಿಟ್ಟುಕೊಂಡೊಡನೆ ಸುಮ್ಮನಾದಳು.

ಶಾಸ್ತ್ರಗಳನ್ನು ನಾವು ಬಿಡಲಿಲ್ಲ. ಅವುಗಳ ಹೊತ್ತನ್ನು ಕೂಸಿನ ಹೊತ್ತಿಗೆ ಹೊಂದಿಸಿಕೊಂಡೆವು, ಅಷ್ಟೆ. ದಿನ ತುಂಬದೆ ಬಂದ ಕೂಸಿಗೆ ಉಳಿದ ದಿನಗಳನ್ನು ತುಂಬಿಕೊಡುವ ಕರ್ತವ್ಯ ತಾಯಿಯೊಬ್ಬಳದಲ್ಲ, ಮನೆಯವರೆಲ್ಲರದು. ಇಂತಹ ಅತಿಥಿಗಳು ಬಂದ ಮನೆಗಳಲ್ಲೆಲ್ಲ ಅವರ ಪಾದಗಳು ಬೆಚ್ಚಗಿರಲೆಂದು ಹಾರೈಸುತ್ತೇವೆ.