ಹೇಳಿ ಮಾಡಿಸಿದ ಯಂತ್ರ: ಮಾತು ಎಲ್ಲಿ ಮುಗಿಯಬೇಕು, ಬರಹ ಎಲ್ಲಿ ಆರಂಭವಾಗಬೇಕು?

ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಸರಕನ್ನು ಕೊಳ್ಳುವುದಕ್ಕೂ, ವರ್ಕ್‌ಶಾಪಿನಲ್ಲಿ ಹೇಳಿ ಮಾಡಿಸಿಕೊಳ್ಳುವುದಕ್ಕೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ವಸ್ತುವನ್ನು ಕಣ್ಣಾರೆ ಕಂಡು ಹಣ ಕೊಡುತ್ತೇವೆ. ಎರಡನೆಯದರಲ್ಲಿ ಮಾತನ್ನು ನಂಬಿ ಮುಂಗಡ ಕೊಡುತ್ತೇವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಎರಡನೆಯ ಬಗೆಯ ವ್ಯವಹಾರವೇ ಹೆಚ್ಚು. ಡ್ರೈಯರ್, ಟ್ರೈಲರ್, ಗೇಟು, ಗೋದಾಮಿನ ಛಾವಣಿ ಎಲ್ಲವೂ ವೆಲ್ಡಿಂಗ್ ವರ್ಕ್‌ಶಾಪುಗಳಲ್ಲಿಯೇ ರೂಪುಗೊಳ್ಳುತ್ತವೆ. ಇವುಗಳ ಪೈಕಿ ಬಹುತೇಕ ಆದೇಶಗಳು ಒಂದು ಚೀಟಿಯ ಮೇಲೆ, ಕೆಲವೊಮ್ಮೆ ಚೀಟಿಯೂ ಇಲ್ಲದೆ ನಡೆಯುತ್ತವೆ. ಇದರಿಂದ ಉಂಟಾಗುವ ತೊಡಕನ್ನು ಸ್ವಂತ ಅನುಭವದ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಹೊಸ ಬಗೆಯ ಹೊಗೆಒಲೆ

ಮಲೆನಾಡಿಗೆ ಹೊಗೆ ಹೊಸದಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಮೀನು, ಮಾಂಸ ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಳ್ಳುವ ರೂಢಿ ಹಿರಿಯರಿಂದ ಬಂದದ್ದು. ನಮ್ಮ ತೋಟದ ಹೋಂಸ್ಟೇಗೆ ಬರುವ ಅತಿಥಿಗಳು ಇದೇ ರುಚಿಯನ್ನು ಕೇಳತೊಡಗಿದಾಗ, ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ಬಳಕೆಯಲ್ಲಿರುವ ‘ಆಫ್‌ಸೆಟ್ ಸ್ಮೋಕರ್’ ಒಂದನ್ನು ಮಾಡಿಸುವ ವಿಚಾರ ಬಂದಿತು. ಇದರ ರಚನೆ ಸರಳ. ಅಡ್ಡಲಾಗಿ ಮಲಗಿಸಿದ ಉಕ್ಕಿನ ಉರುಳೆಯೊಳಗೆ ಮಾಂಸವಿಡುವ ಜಾಲರಿ. ಒಂದು ತುದಿಯಲ್ಲಿ, ಸ್ವಲ್ಪ ಕೆಳಮಟ್ಟದಲ್ಲಿ, ಬೆಂಕಿಪೆಟ್ಟಿಗೆ. ಇನ್ನೊಂದು ತುದಿಯಲ್ಲಿ ಚಿಮಣಿ. ಬೆಂಕಿ ಮಾಂಸದ ಕೆಳಗಿರುವುದಿಲ್ಲ. ಅದರ ಬಿಸಿಯೂ ಹೊಗೆಯೂ ಮಾಂಸದ ಮೇಲೆ ಹಾದು ಹೊರಹೋಗುತ್ತವೆ. ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಹಲವು ಗಂಟೆಗಳ ಕಾಲ ಸಮನಾಗಿ ಕಾಯ್ದುಕೊಳ್ಳುವುದೇ ಇದರ ಕೌಶಲ.

ಸೌದೆಯ ಚಿಂತೆ ನಮಗಿರಲಿಲ್ಲ. ಬಿಳಿ ಕಾಂಡಕೊರಕ ತಗುಲಿದ ಅರೇಬಿಕಾ ಗಿಡಗಳನ್ನು ಕಿತ್ತು ಸುಡಬೇಕೆಂಬುದು ಕಾಫಿ ಮಂಡಳಿಯ ಬಹುಕಾಲದ ಸಲಹೆ. ನಷ್ಟವೆಂದು ಬರೆದುಹಾಕಿದ ಆ ಗಟ್ಟಿ ಕಾಂಡಗಳೇ ಒಳ್ಳೆಯ ಉರುವಲು. ಹೀಗಿರುವಾಗ ಸಮೀಪದ ವರ್ಕ್‌ಶಾಪೊಂದಕ್ಕೆ ಆದೇಶ ನೀಡಲಾಯಿತು. ವರ್ಷಗಳಿಂದ ನಮ್ಮ ಪಲ್ಪರ್ ದುರಸ್ತಿ ಮಾಡುತ್ತಿದ್ದವರೂ ಅವರೇ. ಮೊಬೈಲಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದೆ. 600 ಮಿ.ಮೀ. ವ್ಯಾಸ, 1,200 ಮಿ.ಮೀ. ಉದ್ದ, “ದಪ್ಪ ತಗಡು” ಎಂದು ಚೀಟಿಯಲ್ಲಿ ಬರೆಯಲಾಯಿತು. ನೂರಕ್ಕೆ 60ರಷ್ಟು ಮುಂಗಡ ಕೊಟ್ಟೆ. ನನ್ನ ಮೊದಲ ತಪ್ಪು ಆ ಚೀಟಿಯಲ್ಲಿಯೇ ಇತ್ತು.

ದೋಷಗಳ ಪಟ್ಟಿ

ಮಳೆಗಾಲ ಕಳೆದು ಯಂತ್ರ ಮನೆಗೆ ಬಂದಿತು. ನೋಟಕ್ಕೆ ಅಂದವಾಗಿತ್ತು. ಮೂರನೆಯ ಬಾರಿ ಬೆಂಕಿ ಹಾಕುವಷ್ಟರಲ್ಲಿ ಬೆಂಕಿಪೆಟ್ಟಿಗೆಯ ಮೇಲ್ಭಾಗ ಉಬ್ಬಿತು; ಬಾಗಿಲು ಸೊಟ್ಟಗಾಗಿ ಬೆರಳು ತೂರುವಷ್ಟು ಸಂದು ಬಿಟ್ಟಿತು. ಗಾಳಿಯ ಹತೋಟಿ ತಪ್ಪಿ, ಜಾಲರಿಯ ಎರಡು ತುದಿಗಳ ನಡುವೆ 45 ಡಿಗ್ರಿ ವ್ಯತ್ಯಾಸ ಕಂಡಿತು. ದಟ್ಟವಾದ ಬಿಳಿ ಹೊಗೆ ಒಳಗೇ ನಿಂತು ಮಾಂಸ ಕಹಿಯಾಯಿತು. ವೆಲ್ಡಿಂಗ್ ಕೂಡುಗಳಲ್ಲಿ ಸೂಜಿರಂಧ್ರಗಳಿದ್ದವು.

ವರ್ನಿಯರ್ ಹಿಡಿದು ಬಾಗಿಲಿನ ಅಂಚನ್ನು ಅಳೆದಾಗ ಕಾರಣ ತಿಳಿಯಿತು. ಉರುಳೆಗೆ 6 ಮಿ.ಮೀ. ತಗಡು ಹಾಕಲಾಗಿತ್ತು, ಅತಿ ಹೆಚ್ಚು ಶಾಖ ತಾಳಬೇಕಾದ ಬೆಂಕಿಪೆಟ್ಟಿಗೆಗೆ ಮಾತ್ರ 3 ಮಿ.ಮೀ. ಒಂದು ಚದರ ಮೀಟರ್ ವಿಸ್ತೀರ್ಣದ 6 ಮಿ.ಮೀ. ಉಕ್ಕಿನ ತಗಡು ಸುಮಾರು 47 ಕಿಲೋ ತೂಗುತ್ತದೆ, 3 ಮಿ.ಮೀ. ಆದರೆ ಅದರ ಅರ್ಧ. ಯಂತ್ರವನ್ನು ಪಡೆದ ದಿನವೇ ಬಿಡಿಭಾಗಗಳ ತೂಕ ನೋಡಿದ್ದರೆ ಈ ವ್ಯತ್ಯಾಸ ಅಂದೇ ಹೊರಬೀಳುತ್ತಿತ್ತು. ಚಿಮಣಿಗೆ 75 ಮಿ.ಮೀ. ವ್ಯಾಸದ ಜಿ.ಐ. ಪೈಪು ಬಳಸಲಾಗಿತ್ತು. ಅದು ಆ ಗಾತ್ರದ ಯಂತ್ರಕ್ಕೆ ತೀರ ಕಿರಿದು. ಅದಕ್ಕಿಂತ ಮುಖ್ಯವಾಗಿ, ಸತು ಲೇಪನವಿರುವ ಪೈಪನ್ನು ಬೆಂಕಿಯ ಸಂಪರ್ಕಕ್ಕೆ ತರುವುದು ಸರಿಯಲ್ಲ. ಹೆಚ್ಚು ಕಾದಾಗ ಅದು ಹೊರಸೂಸುವ ಹೊಗೆ ಆರೋಗ್ಯಕ್ಕೆ ಹಾನಿಕರ. ಆಹಾರದ ಯಂತ್ರದಲ್ಲಿ ಇದಕ್ಕೆ ರಾಜಿಯಿಲ್ಲ.

ಕೋಪದ ಬೆಲೆ

ಅಂದು ಸಂಜೆ ವರ್ಕ್‌ಶಾಪಿಗೆ ಹೋಗಿ ಜಗಳವಾಡುವ ಮನಸ್ಸಾಗಿತ್ತು. ಆದರೆ ತಿಂಗಳೊಂದರಲ್ಲಿ ಅರೇಬಿಕಾ ಕೊಯ್ಲು ಆರಂಭವಾಗುವುದಿತ್ತು. ಹಣ್ಣನ್ನು ಕೊಯ್ದ ದಿನವೇ ಪಲ್ಪ್ ಮಾಡಬೇಕು. ಪಲ್ಪರ್ ಕೆಟ್ಟು ನಿಂತರೆ ರಾಶಿ ಬಿದ್ದ ಹಣ್ಣು ಹುಳಿಯುತ್ತದೆ. ರಾತ್ರಿ ಕರೆದರೂ ಬರುವ ಮೇಸ್ತ್ರಿಯನ್ನು ಕಳೆದುಕೊಂಡು ಒಂದು ಒಲೆಯ ಮೊಕದ್ದಮೆ ಗೆದ್ದರೆ ಏನು ಲಾಭ? ಹಾಗೆಂದು ಸುಮ್ಮನಿರುವುದೂ ಸಾಧ್ಯವಿರಲಿಲ್ಲ. ವರ್ಷಾಂತ್ಯದ ರಜೆಗೆ ಕೊಠಡಿಗಳು ಮುಂಗಡವಾಗಿ ಕಾದಿರಿಸಲ್ಪಟ್ಟಿದ್ದವು. ಸಣ್ಣ ಊರಿನ ವಾಣಿಜ್ಯದಲ್ಲಿ ಈ ಇಕ್ಕಟ್ಟು ನಮ್ಮಲ್ಲಿ ಹಲವರಿಗೆ ಪರಿಚಿತ.

ಆದುದರಿಂದ ಮೊದಲು ದೋಷಗಳನ್ನು ಮೂರು ಭಾಗವಾಗಿ ವಿಂಗಡಿಸಿ ಬರೆದೆ. ವರ್ಕ್‌ಶಾಪಿನದು: ತೆಳು ತಗಡು, ಜಿ.ಐ. ಪೈಪು, ವೆಲ್ಡಿಂಗ್ ರಂಧ್ರ. ನನ್ನದು: ನಕ್ಷೆ ಕೊಡದಿದ್ದುದು, ದಪ್ಪವನ್ನು ಮಿ.ಮೀ.ನಲ್ಲಿ ಹೇಳದಿದ್ದುದು, ಮಳೆಯಲ್ಲಿ ನೆನೆದ ಸೌದೆಯನ್ನು ಉರಿಸಿದುದು. ಕಹಿ ಹೊಗೆಗೆ ಹಸಿ ಸೌದೆಯ ಪಾಲೂ ಇತ್ತು. ಒಂದು ಬೇಸಿಗೆ ಕಂಡ ಸೌದೆಯೇ ಇದಕ್ಕೆ ತಕ್ಕದು. ಮೂರನೆಯದು, ದೋಷವೇ ಅಲ್ಲದ ದೂರು. ಕುದಿಯುವ ನೀರಿನಲ್ಲಿ ಇಟ್ಟಾಗ ಡಯಲ್ ಥರ್ಮಾಮೀಟರ್ 97 ತೋರಿಸುತ್ತಿತ್ತು. ಅದು ಕೆಟ್ಟಿದೆಯೆಂದು ನಾನು ಬಗೆದಿದ್ದೆ. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ ಎಂಬುದು ಬಳಿಕ ನೆನಪಾಯಿತು. ಆ ದೂರನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಕಾನೂನು ಏನು ಹೇಳುತ್ತದೆ?

ಇಲ್ಲಿ ಮೂರು ಕಾಯ್ದೆಗಳನ್ನು ಅರಿತಿರುವುದು ಒಳಿತು. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಪ್ರಕರಣದಂತೆ, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಮಾರುವವನ ಕೌಶಲವನ್ನು ಅವಲಂಬಿಸಿದ್ದರೆ, ಮತ್ತು ಅಂತಹ ಸರಕು ಮಾರುವವನ ವೃತ್ತಿಗೆ ಸೇರಿದ್ದರೆ, ಸರಕು ಆ ಉದ್ದೇಶಕ್ಕೆ ಯುಕ್ತವಾಗಿರಬೇಕೆಂಬ ಷರತ್ತು ಬರೆಯದಿದ್ದರೂ ಇರುತ್ತದೆ. ಆದರೆ ಯುಕ್ತ ಕಾಲ ಕಳೆದರೂ ಆಕ್ಷೇಪಿಸದೆ ಸರಕನ್ನು ಇಟ್ಟುಕೊಂಡರೆ ಅದನ್ನು ಸ್ವೀಕರಿಸಿದಂತೆಯೇ ಸರಿ ಎನ್ನುತ್ತದೆ 42ನೆಯ ಪ್ರಕರಣ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ವರ್ಕ್‌ಶಾಪಿನ ಪರ ನಿಲ್ಲುತ್ತದೆ. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಸಲ್ಲಬೇಕಾದ ಹಣವನ್ನು, ಲಿಖಿತ ಒಪ್ಪಂದವಿದ್ದರೂ, 45 ದಿನಗಳಿಗಿಂತ ಹೆಚ್ಚು ತಡೆಹಿಡಿಯುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಆದರೆ ಸರಕು ತಲುಪಿದ 15 ದಿನಗಳೊಳಗೆ ಕೊಳ್ಳುವವನು ಬರಹದಲ್ಲಿ ಆಕ್ಷೇಪ ಸಲ್ಲಿಸಿದರೆ, ಪೂರೈಕೆದಾರನು ಆ ದೋಷವನ್ನು ನಿವಾರಿಸಿದ ದಿನದಿಂದ ಮಾತ್ರ ಲೆಕ್ಕ ಆರಂಭವಾಗುತ್ತದೆ. ಬಾಯಿಮಾತಿನ ದೂರಿಗೆ ಈ ರಕ್ಷಣೆಯಿಲ್ಲ. ಕೊಳ್ಳುವವನಾಗಿರಲಿ, ತಯಾರಕನಾಗಿರಲಿ, ಈ 15 ದಿನಗಳನ್ನು ನಮ್ಮ ಸದಸ್ಯರು ಮರೆಯಬಾರದು.

ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಅದರ ವ್ಯಾಪ್ತಿಗೆ ಬರುವುದಿಲ್ಲ. ಸ್ವಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡವರಿಗೆ ಮಾತ್ರ ವಿನಾಯಿತಿ. ವ್ಯಾಪಾರಕ್ಕಾಗಿ ಕೊಂಡ ಯಂತ್ರಕ್ಕೆಲ್ಲ ಗ್ರಾಹಕ ಆಯೋಗದ ಬಾಗಿಲು ತೆರೆದಿದೆಯೆಂದು ಭಾವಿಸುವುದು ತಪ್ಪು.

ಒಪ್ಪಂದ

ಒಂಬತ್ತನೆಯ ದಿನ ಒಂದು ಪುಟದ ಪತ್ರವನ್ನೂ ಅಳತೆಯ ವಿವರವನ್ನೂ ನಾನೇ ಒಯ್ದು ಕೊಟ್ಟೆ. ಮೇಸ್ತ್ರಿಗಳು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಗೌಡ್ರೇ, ಇಂಥದ್ದನ್ನ ನಾನು ಕಣ್ಣಲ್ಲೇ ಕಂಡಿಲ್ಲ. ನೀವು ಪಟ ತೋರಿಸಿದ್ರಿ, ನಾನು ಒಪ್ಕೊಂಡೆ. ಗೊತ್ತಿಲ್ಲ ಅಂತ ಹೇಳೋಕೆ ಸಂಕೋಚ ಆಯ್ತು” ಎಂದರು. ಉಳಿದಿದ್ದ 3 ಮಿ.ಮೀ. ತಗಡನ್ನು ಬಳಸಿದ್ದೂ ನಿಜವೆಂದು ಒಪ್ಪಿದರು. ಅಲ್ಲಿಂದ ಮುಂದೆ ಮಾತು ಕಷ್ಟವಾಗಲಿಲ್ಲ.

ಬೆಂಕಿಪೆಟ್ಟಿಗೆಯನ್ನು 6 ಮಿ.ಮೀ. ತಗಡಿನಲ್ಲಿ ಹೊಸದಾಗಿ ಮಾಡುವುದು. ಕೂಲಿ ಅವರದು, ತಗಡಿನ ಬೆಲೆಯಲ್ಲಿ ಅರ್ಧ ನನ್ನದು. ಚಿಮಣಿಗೆ ಲೇಪನವಿಲ್ಲದ 150 ಮಿ.ಮೀ. ಪೈಪು, ಅದರ ಖರ್ಚು ಪೂರ್ತಿ ಅವರದು. ಸಾಗಣೆಯಲ್ಲಿ ಒಂದು ದಾರಿ ಅವರದು, ಒಂದು ದಾರಿ ನನ್ನದು. ಬಾಕಿ 40ರಲ್ಲಿ 25 ಭಾಗ ಪರೀಕ್ಷೆಯ ದಿನ, 15 ಭಾಗ ಒಂದು ತಿಂಗಳು ಬಳಸಿದ ಮೇಲೆ. ಇಬ್ಬರೂ ರುಜು ಹಾಕಿದೆವು.

ಪರೀಕ್ಷೆಯನ್ನು ಒಟ್ಟಿಗೇ ನಡೆಸಿದೆವು. ಚಿಮಣಿ ಮುಚ್ಚಿ ಹೊಗೆ ತುಂಬಿಸಿ, ಸೋರುವ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ ಮತ್ತೆ ವೆಲ್ಡ್ ಮಾಡಲಾಯಿತು. ಬಳಿಕ ಚಿಮಣಿ ತೆರೆದು, ಒಣ ಕಾಫಿ ಸೌದೆ ಉರಿಸಿ, ಎರಡೂ ತುದಿಗಳಲ್ಲಿ ಥರ್ಮಾಮೀಟರ್ ಇಟ್ಟು ಎರಡು ಗಂಟೆ ಕಾದೆವು. ವ್ಯತ್ಯಾಸ 12 ಡಿಗ್ರಿಗೆ ಇಳಿದಿತ್ತು. ಹೊಗೆ ತೆಳುವಾಗಿ ನೀಲಿ ಬಣ್ಣಕ್ಕೆ ತಿರುಗಿತ್ತು. ಡಿಸೆಂಬರಿನ ಒಂದು ರಾತ್ರಿ ಪಲ್ಪರಿನ ಬೇರಿಂಗ್ ಹೋದಾಗ ಮೇಸ್ತ್ರಿಗಳು ಎಂದಿನಂತೆ ಬಂದರು. ಆ ವೇಳೆಗೆ ಅವರ ಬಾಕಿಯೂ ಪೂರ್ತಿ ಸಂದಾಯವಾಗಿತ್ತು.

ಆದೇಶಪತ್ರದಲ್ಲಿ ಇರಬೇಕಾದ ಅಂಶಗಳು

1. ಅಳತೆಸಹಿತ ಕೈನಕ್ಷೆ, ಪ್ರತಿ ಭಾಗದ ತಗಡಿನ ದಪ್ಪ ಮಿ.ಮೀ.ನಲ್ಲಿ. “ದಪ್ಪ”, “ಗಟ್ಟಿ”, “ಒಳ್ಳೆಯದು” ಎಂಬ ಪದಗಳು ಬೇಡ.
2. ಉಕ್ಕಿನ ದರ್ಜೆ (ಸಾಮಾನ್ಯವಾಗಿ ಐ.ಎಸ್. 2062) ಮತ್ತು ಅಂದಾಜು ಒಟ್ಟು ತೂಕ.
3. ಬಳಸಬಾರದ ವಸ್ತುಗಳು: ಜಿ.ಐ. ಪೈಪು, ರಾಸಾಯನಿಕ ತುಂಬಿದ್ದ ಡ್ರಮ್ಮು, ಒಳಭಾಗಕ್ಕೆ ಬಣ್ಣ.
4. ಯಂತ್ರದ ಉದ್ದೇಶ, ಒಂದು ವಾಕ್ಯದಲ್ಲಿ. ಕಾನೂನಿನ ದೃಷ್ಟಿಯಿಂದ ಇದು ಮಹತ್ವದ್ದು.
5. ವರ್ಕ್‌ಶಾಪಿನಲ್ಲಿಯೇ ನಡೆಸುವ ಪರೀಕ್ಷೆ, ಮತ್ತು ಅದಕ್ಕೆ ಹೊಂದಿದ ಹಣದ ಕಂತುಗಳು.
6. ದೋಷ ಕಂಡುಬಂದರೆ ಸರಿಪಡಿಸುವ ಅವಧಿ, ಸಾಗಣೆಯ ಹೊಣೆ.

ಇಷ್ಟನ್ನು ಬರೆಯಲು ಅರ್ಧ ಗಂಟೆ ಸಾಕು. ಬರೆದು ಕೊಟ್ಟರೆ ಅಪನಂಬಿಕೆ ತೋರಿದಂತಾಗುತ್ತದೆ ಎಂಬ ಸಂಕೋಚ ನಮ್ಮಲ್ಲಿದೆ. ವಾಸ್ತವವಾಗಿ ಬರಹವು ತಯಾರಕನಿಗೂ ರಕ್ಷಣೆ: ಹೇಳದೇ ಇದ್ದುದನ್ನು ಅವನ ತಲೆಗೆ ಕಟ್ಟುವಂತಿಲ್ಲ. ತನಗೆ ಗೊತ್ತಿಲ್ಲದ ಕೆಲಸವನ್ನು ಗೊತ್ತಿಲ್ಲವೆಂದು ಹೇಳಲು ಅವನಿಗೂ ಅದೊಂದು ಅವಕಾಶ.